ವಿಶೇಷ ಫಿಸಿಯೋಥೆರಪಿ ಆರಂಭಿಸುವ ಮುನ್ನ: ಹುಬ್ಬಳ್ಳಿ–ಧಾರವಾಡ ಭಾಗದ ರೋಗಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಆಸ್ಪತ್ರೆಯಿಂದ ಹೊರಡುವಾಗ ಕೈಗೆ ಬರುವ ಚೀಟಿಯಲ್ಲಿ ಗುಳಿಗೆಗಳ ಹೆಸರಿನ ಕೆಳಗೆ ‘ಫಿಸಿಯೋಥೆರಪಿಗೆ ಹೋಗಿ’ ಎಂಬ ಒಂದು ಸಾಲು ಇರುತ್ತದೆ. ಗುಳಿಗೆಯನ್ನು ಊಟಕ್ಕೆ ಮುಂಚೆ ನುಂಗಬೇಕೋ ನಂತರವೋ ಎಂಬುದನ್ನು ಔಷಧಿ ಅಂಗಡಿಯವರಾದರೂ ಹೇಳುತ್ತಾರೆ. ಈ ಕೊನೆಯ ಸಾಲನ್ನು ಬಿಡಿಸಿ ಹೇಳುವವರು ಕಡಿಮೆ. ಹೀಗಾಗಿ ನಮ್ಮ ಭಾಗದ ಬಹಳಷ್ಟು ರೋಗಿಗಳು ‘ಕರೆಂಟ್ ಕೊಡುತ್ತಾರಂತೆ, ಶೇಕ ಕೊಡುತ್ತಾರಂತೆ’ ಎಂಬಷ್ಟೇ ತಿಳಿವಳಿಕೆಯಿಂದ ಹೋಗಿ, ನಾಲ್ಕಾರು ದಿನ ಯಂತ್ರದ ಪಕ್ಕದಲ್ಲಿ ಮಲಗಿ ಎದ್ದು ಬಂದು, ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುತ್ತಾರೆ. ಫಿಸಿಯೋಥೆರಪಿಯಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ರೋಗಿಯೇ ಮಾಡಬೇಕಾಗಿರುವುದರಿಂದ, ಮೊದಲ ದಿನಕ್ಕಿಂತ ಮುಂಚೆ ಅವರು ಮಾಡಿಕೊಳ್ಳುವ ಸಿದ್ಧತೆಯೇ ಫಲಿತಾಂಶದ ದೊಡ್ಡ ಭಾಗವನ್ನು ನಿರ್ಧರಿಸುತ್ತದೆ ಎಂಬುದು ಈ ಬರಹದ ನಿಲುವು. ಆ ಸಿದ್ಧತೆ ಹೇಗಿರಬೇಕು ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಇದು ಫಿಸಿಯೋಥೆರಪಿಗೆ ಸಲ್ಲುವ ತೊಂದರೆಯೇ ಎಂದು ಖಚಿತಪಡಿಸಿಕೊಳ್ಳಿ

ಟೊಂಕ ಹಿಡಿದುಕೊಂಡಿದೆ, ಹೆಗಲು ಏಳುತ್ತಿಲ್ಲ, ಮೊಣಕಾಲು ಬಾತಿದೆ ಎಂಬ ದೂರುಗಳಲ್ಲಿ ಹೆಚ್ಚಿನವು ವ್ಯಾಯಾಮ ಚಿಕಿತ್ಸೆಯಿಂದಲೇ ಸುಧಾರಿಸುವಂಥವು. ಆದರೆ ಕೆಲವು ಲಕ್ಷಣಗಳು ಕಂಡಾಗ ಫಿಸಿಯೋಥೆರಪಿ ಕೇಂದ್ರದ ಬಾಗಿಲಿಗೆ ಹೋಗುವ ಮೊದಲೇ ವೈದ್ಯರ ಬಳಿಗೆ ಹೋಗಬೇಕು. ಟೊಂಕ ನೋವಿನ ಜೊತೆಗೆ ಮೂತ್ರ ಅಥವಾ ಮಲದ ಹಿಡಿತ ತಪ್ಪುವುದು, ಕುಳಿತುಕೊಳ್ಳುವ ಜಾಗದ ಸುತ್ತ ಸ್ಪರ್ಶವೇ ತಿಳಿಯದಂತಾಗುವುದು, ಕಾಲಿನ ಶಕ್ತಿ ದಿನದಿಂದ ದಿನಕ್ಕೆ ಕುಗ್ಗುವುದು ಇವು ಬೆನ್ನುಹುರಿಯ ಕೆಳಭಾಗದ ನರಗಳು ಒತ್ತಿಕೊಂಡಿರುವ ಸೂಚನೆಯಾಗಿರಬಹುದು. ಅಂಥ ಸ್ಥಿತಿಯಲ್ಲಿ ಅದೇ ದಿನ ತುರ್ತು ವಿಭಾಗಕ್ಕೆ ಹೋಗಬೇಕು. ಜ್ವರದೊಂದಿಗೆ ಬರುವ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಲಗಿದರೂ ಮಗ್ಗುಲು ಬದಲಿಸಿದರೂ ಬಿಡದೆ ರಾತ್ರಿಯಿಡೀ ಕಾಡುವ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರಲ್ಲಿ ಹೊಸದಾಗಿ ಹುಟ್ಟಿದ ಎಲುಬಿನ ನೋವು ಇವುಗಳಿಗೂ ಮೊದಲು ತಪಾಸಣೆಯೇ ಆಗಬೇಕು. ಶಸ್ತ್ರಚಿಕಿತ್ಸೆಯ ನಂತರ ಅಥವಾ ಬಹಳ ದಿನ ಹಾಸಿಗೆ ಹಿಡಿದ ನಂತರ ಒಂದೇ ಕಾಲಿನ ಮೀನಖಂಡ ಬಾತು, ಬಿಸಿಯಾಗಿ, ನೋಯುತ್ತಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿರಬಹುದು. ಅಂಥ ಕಾಲನ್ನು ತಿಕ್ಕುವುದು, ಎಣ್ಣೆ ಹಚ್ಚಿ ನೀವುವುದು ಅಪಾಯಕಾರಿ.

ಲಕ್ವಾದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮುಖ ಸೊಟ್ಟಗಾಗಿ, ಒಂದು ಬದಿಯ ಕೈಕಾಲು ಸೋತು, ಮಾತು ತೊದಲಿದಾಗ ಮೊದಲ ಕೆಲವು ಗಂಟೆಗಳು ಅತ್ಯಂತ ಮಹತ್ವದ್ದು. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಹಳ್ಳಿಯ ಕಡೆ ಈ ಹೊತ್ತನ್ನು ನಾಟಿ ಔಷಧಿಗಾಗಿ ದೂರದ ಊರಿಗೆ ಕರೆದೊಯ್ಯುವುದರಲ್ಲಿ ಕಳೆಯುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಫಿಸಿಯೋಥೆರಪಿಯ ಸರದಿ ಬರುವುದು ಆಸ್ಪತ್ರೆಯ ಚಿಕಿತ್ಸೆಯ ನಂತರ. ಆದರೆ ರೋಗಿಯ ಸ್ಥಿತಿ ಸ್ಥಿರವಾದ ಕೂಡಲೇ, ಹಾಸಿಗೆಯಲ್ಲಿರುವಾಗಲೇ ಅದು ಆರಂಭವಾಗುತ್ತದೆ. ‘ಸ್ವಲ್ಪ ಶಕ್ತಿ ಬರಲಿ, ಆಮೇಲೆ ನೋಡೋಣ’ ಎಂದು ತಿಂಗಳುಗಟ್ಟಲೆ ಮುಂದೂಡಿದರೆ ಸುಧಾರಣೆಗೆ ಅತ್ಯಂತ ಅನುಕೂಲವಾದ ಮೊದಲ ಮೂರರಿಂದ ಆರು ತಿಂಗಳು ಕಳೆದುಹೋಗುತ್ತವೆ. ಆ ಬಳಿಕವೂ ಸುಧಾರಣೆ ಸಾಧ್ಯ, ಆದರೆ ಅದರ ವೇಗ ಕಡಿಮೆ.

ಎರಡನೆಯ ಹೆಜ್ಜೆ: ನಿಮಗೆ ಬೇಕಾದ ಶಾಖೆ ಯಾವುದು?

ಕಣ್ಣಿನ ವೈದ್ಯರ ಬಳಿ ಹೃದಯ ತೋರಿಸಲು ಯಾರೂ ಹೋಗುವುದಿಲ್ಲ. ಆದರೆ ಫಿಸಿಯೋಥೆರಪಿಯೂ ಹಲವು ಶಾಖೆಗಳಾಗಿ ಕವಲೊಡೆದಿದೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಎಲುಬು, ಕೀಲು, ಸ್ನಾಯುಗಳ ತೊಂದರೆಗಳನ್ನು ನೋಡುವ ಶಾಖೆಯೇ ಹೆಚ್ಚು ಪರಿಚಿತವಾದದ್ದು. ಅದರ ಹೊರಗೆ ಲಕ್ವಾ, ಪಾರ್ಕಿನ್ಸನ್ ಕಾಯಿಲೆ, ಬೆನ್ನುಹುರಿಯ ಪೆಟ್ಟುಗಳಿಗೆ ನರ ಸಂಬಂಧಿ ಫಿಸಿಯೋಥೆರಪಿ, ಹೃದಯ ಮತ್ತು ಶ್ವಾಸಕೋಶದ ರೋಗಿಗಳಿಗೆ ಪುನಶ್ಚೇತನ ಕಾರ್ಯಕ್ರಮ, ಮಕ್ಕಳ ಫಿಸಿಯೋಥೆರಪಿ, ಕ್ರೀಡಾ ಗಾಯಗಳ ಚಿಕಿತ್ಸೆ, ತಲೆಸುತ್ತಿನ ಚಿಕಿತ್ಸೆ, ಶ್ರೋಣಿಯ ತಳದ (ಮೂತ್ರಕೋಶ, ಗರ್ಭಕೋಶಗಳನ್ನು ಕೆಳಗಿನಿಂದ ಹೊರುವ) ಸ್ನಾಯುಗಳ ಚಿಕಿತ್ಸೆ, ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಕೈ ಬಾವಿಗೆ ಕೊಡುವ ಚಿಕಿತ್ಸೆ ಇವೆಲ್ಲ ವಿಶೇಷ ತರಬೇತಿ ಬೇಡುವ ಕ್ಷೇತ್ರಗಳಾಗಿವೆ. ಇವುಗಳಲ್ಲಿ ಕೆಲವಕ್ಕೆ ಮಾಡಿಕೊಳ್ಳಬೇಕಾದ ಸಿದ್ಧತೆ ಉಳಿದವುಗಳಂತಿಲ್ಲ.

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ನಾಗಂದಿಗೆಯತ್ತ ಕತ್ತೆತ್ತಿದಾಗ ಕೆಲವು ಸೆಕೆಂಡು ಮನೆಯೇ ಗಿರ್ರನೆ ತಿರುಗಿದಂತಾಗುವ ತಲೆಸುತ್ತಿಗೆ ಬಹಳ ಸಲ ಒಳಕಿವಿಯ ಸುಣ್ಣದ ಸೂಕ್ಷ್ಮ ಹರಳುಗಳು ತಮ್ಮ ಜಾಗ ಬಿಟ್ಟು ಅರೆವೃತ್ತಾಕಾರದ ನಾಳಗಳಿಗೆ ಸರಿದಿರುವುದು ಕಾರಣವಾಗಿರುತ್ತದೆ. ಎಪ್ಲಿ ವಿಧಾನವೆಂದು ಕರೆಯಲಾಗುವ ಕ್ರಮದಲ್ಲಿ ತಲೆ ಮತ್ತು ದೇಹವನ್ನು ಹಂತಹಂತವಾಗಿ ತಿರುಗಿಸಿ ಆ ಹರಳುಗಳನ್ನು ಮರಳಿ ಸ್ವಸ್ಥಾನಕ್ಕೆ ಸಾಗಿಸಬಹುದು. ಬಹುತೇಕರಿಗೆ ಒಂದರಿಂದ ಮೂರು ಭೇಟಿಗಳಲ್ಲಿಯೇ ಗುಣ ಕಾಣುತ್ತದೆ. ಪರೀಕ್ಷೆಯ ಸಮಯದಲ್ಲಿ ಚಿಕಿತ್ಸಕರು ಬೇಕೆಂದೇ ತಲೆಸುತ್ತನ್ನು ಬರಿಸಿ ಕಣ್ಣುಗುಡ್ಡೆಯ ಚಲನೆಯನ್ನು ಗಮನಿಸುತ್ತಾರೆ, ಆದ್ದರಿಂದ ಗಾಬರಿಯಾಗಬೇಡಿ. ಅಂದು ಹೊಟ್ಟೆ ತುಂಬ ಉಂಡು ಹೋಗಬೇಡಿ, ಸ್ವತಃ ಬೈಕ್ ಓಡಿಸಿಕೊಂಡು ಬರಬೇಡಿ, ಜೊತೆಗೆ ಒಬ್ಬರಿರಲಿ. ತಲೆಸುತ್ತು ತಡೆಯುವ ಗುಳಿಗೆಗಳು ಈ ಲಕ್ಷಣವನ್ನು ಮರೆಮಾಚಬಹುದಾದ್ದರಿಂದ ಅವನ್ನು ಮುಂದುವರಿಸಬೇಕೇ ಎಂದು ಗುಳಿಗೆ ಬರೆದ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ.

ಶ್ರೋಣಿಯ ತಳದ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ಮಾತೇ ಆಗುವುದಿಲ್ಲ. ಕೆಮ್ಮಿದಾಗ, ನಕ್ಕಾಗ, ಕೊಡ ಎತ್ತಿದಾಗ ಮೂತ್ರ ಸೋರುವುದನ್ನು ‘ಹಡೆದ ಮೇಲೆ ಹಂಗಽ ಇರತೈತಿ’ ಎಂದು ಅತ್ತೆ ಸೊಸೆಗೆ ಸಮಾಧಾನ ಹೇಳಿ ಮುಗಿಸಿಬಿಡುವುದೇ ಹೆಚ್ಚು. ಈ ಸ್ನಾಯುಗಳಿಗೆ ವ್ಯಾಯಾಮ ಕೊಟ್ಟು ಸೋರುವಿಕೆಯನ್ನು ನಿಯಂತ್ರಿಸಬಹುದೆಂದು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗಲ್ 1948ರಲ್ಲಿಯೇ ಪ್ರಕಟಿಸಿದ್ದರು. ಇಂದು ಇಂಥ ಸೋರುವಿಕೆಗೆ ಶಸ್ತ್ರಚಿಕಿತ್ಸೆಯ ಮಾತೆತ್ತುವ ಮೊದಲು ತಜ್ಞರ ಮೇಲ್ವಿಚಾರಣೆಯಲ್ಲಿ ಕನಿಷ್ಠ ಮೂರು ತಿಂಗಳ ವ್ಯಾಯಾಮವನ್ನು ಮೊದಲ ಚಿಕಿತ್ಸೆಯಾಗಿ ಶಿಫಾರಸು ಮಾಡಲಾಗುತ್ತದೆ. ಈ ಚಿಕಿತ್ಸೆಗೆ ಹೋಗುವವರು ಮೂರು ದಿನ ಎಷ್ಟು ಸಲ ನೀರು, ಚಹಾ ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಯಾವಾಗ ಸೋರಿತು ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡು ಹೋದರೆ ಚಿಕಿತ್ಸಕರಿಗೆ ಬಹಳ ಸಹಾಯವಾಗುತ್ತದೆ. ಸ್ನಾಯುಗಳ ಬಲ ತಿಳಿಯಲು ಕೆಲವೊಮ್ಮೆ ಒಳಪರೀಕ್ಷೆ ಬೇಕಾಗಬಹುದು. ಅದಕ್ಕೆ ನಿಮ್ಮ ಸ್ಪಷ್ಟ ಒಪ್ಪಿಗೆ ಬೇಕೇ ಬೇಕು, ಮಹಿಳಾ ಚಿಕಿತ್ಸಕರನ್ನು ಕೇಳುವ, ಮನೆಯವರೊಬ್ಬರನ್ನು ಜೊತೆಗಿಟ್ಟುಕೊಳ್ಳುವ, ಬೇಡವೆನ್ನುವ ಹಕ್ಕು ನಿಮಗಿದೆ. ಬೇಡವೆಂದರೂ ಚಿಕಿತ್ಸೆ ನಿಲ್ಲುವುದಿಲ್ಲ, ಬೇರೆ ವಿಧಾನಗಳಿವೆ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರುವ ಗಂಡಸರಿಗೂ ಈ ಶಾಖೆ ಉಪಯುಕ್ತ.

ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರ ಪುನಶ್ಚೇತನ ಕಾರ್ಯಕ್ರಮ ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ನಡೆಯುತ್ತದೆ, ವಾರಕ್ಕೆ ಕನಿಷ್ಠ ಎರಡು ದಿನ ಹಾಜರಾಗಬೇಕಾಗುತ್ತದೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯಬಲ್ಲಿರಿ ಎಂಬ ಪರೀಕ್ಷೆಯಿಂದ ಅದು ಆರಂಭವಾಗುವುದರಿಂದ ಸಡಿಲವಾದ ಬಟ್ಟೆ ಮತ್ತು ಜಾರದ ಪಾದರಕ್ಷೆ ಧರಿಸಿ, ಇನ್‌ಹೇಲರ್ ಜೊತೆಗಿಟ್ಟುಕೊಂಡು ಹೋಗಬೇಕು. ಮಕ್ಕಳ ವಿಷಯದಲ್ಲಿ, ನಾಲ್ಕು ತಿಂಗಳು ತುಂಬಿದರೂ ಕತ್ತು ನಿಲ್ಲದ, ಕೈಕಾಲು ಬಿರುಸಾಗಿರುವ ಕೂಸನ್ನು ‘ತಡವಾಗಿ ನಡೆಯುವುದು ನಮ್ಮ ಮನೆತನದಲ್ಲಿಯೇ ಇದೆ’ ಎಂದು ಕಾಯಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ಶೀಘ್ರ ಪತ್ತೆ ಮತ್ತು ಚಿಕಿತ್ಸೆಯ ಕೇಂದ್ರಗಳನ್ನು ರೂಪಿಸಲಾಗಿದೆ. ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಅಲ್ಲಿಗೆ ದಾರಿ ಕಂಡುಕೊಳ್ಳಬಹುದು.

ಮೂರನೆಯ ಹೆಜ್ಜೆ: ಚಿಕಿತ್ಸಕರನ್ನು ಆರಿಸುವುದು

ಫಿಸಿಯೋಥೆರಪಿ ಪದವಿ ಬಿಪಿಟಿ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷಗಳ ಓದು ಮುಗಿಸಿದವರೇ ಈಗ ವೃತ್ತಿಯಲ್ಲಿ ಹೆಚ್ಚಾಗಿದ್ದಾರೆ. ಅದರ ಮೇಲಿನ ಎರಡು ವರ್ಷಗಳ ಎಂಪಿಟಿಯಲ್ಲಿ ಒಂದು ಶಾಖೆಯನ್ನು ಆರಿಸಿಕೊಂಡು ಓದುತ್ತಾರೆ. ಆದ್ದರಿಂದ ವಿಶೇಷ ಚಿಕಿತ್ಸೆ ಬೇಕಿರುವವರು ‘ನೀವು ಎಂಪಿಟಿಯನ್ನು ಯಾವ ಶಾಖೆಯಲ್ಲಿ ಮಾಡಿದ್ದೀರಿ, ನನ್ನಂಥ ರೋಗಿಗಳನ್ನು ಎಷ್ಟು ನೋಡುತ್ತೀರಿ’ ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ‘ಸರ್ ಸಿಟ್ಟಾದಾರು’ ಎಂಬ ಅಳುಕಿನಿಂದ ಕೇಳದೆ ಇರುವವರೇ ಹೆಚ್ಚು. ತಿಳಿದ ಚಿಕಿತ್ಸಕರು ಈ ಪ್ರಶ್ನೆಗೆ ಸಂತೋಷದಿಂದಲೇ ಉತ್ತರಿಸುತ್ತಾರೆ. ಕೆಲವು ವಾರಗಳ ತರಬೇತಿ ಪಡೆದು ಮಾಲೀಶು ಮಾಡುವವರೂ, ಎಲುಬು ಕೂಡಿಸುವ ಪರಂಪರೆಯ ನಾಟಿ ವೈದ್ಯರೂ, ಜಿಮ್ ತರಬೇತುದಾರರೂ ಫಿಸಿಯೋಥೆರಪಿಸ್ಟರಲ್ಲ. ಮುರಿದ ಎಲುಬಿನ ಮೇಲೆ ಬಿಗಿಯಾಗಿ ಕಟ್ಟಿದ ಬಿದಿರಿನ ಪಟ್ಟಿಯಿಂದ ರಕ್ತಸಂಚಾರವೇ ನಿಂತು ಕೈ ಕಳೆದುಕೊಳ್ಳುವ ಅಪಾಯ ಕಲ್ಪನೆಯದಲ್ಲ.

ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ವ್ಯಾಪ್ತಿಗೆ ಫಿಸಿಯೋಥೆರಪಿ ಕೇಂದ್ರಗಳೂ ಬರುತ್ತವೆ. ಅಂದರೆ ಕೇಂದ್ರದ ನೋಂದಣಿ ಪತ್ರ ಮತ್ತು ದರಪಟ್ಟಿ ಕಣ್ಣಿಗೆ ಬೀಳುವಂತೆ ಇರಬೇಕು. ಗೋಡೆಯ ಮೇಲೆ ಅವು ಕಾಣದಿದ್ದರೆ ಕೇಳಿ. ಶಿಕ್ಷಣ ಸಂಸ್ಥೆಗಳಿಗೆ ಹೊಂದಿಕೊಂಡ ಆಸ್ಪತ್ರೆಗಳಲ್ಲಿ ಹಲವು ಶಾಖೆಗಳು ಒಂದೇ ಸೂರಿನಡಿ ಸಿಗುವ ಸಾಧ್ಯತೆ ಹೆಚ್ಚು: ಧಾರವಾಡದ ಸತ್ತೂರಿನಲ್ಲಿ ಎಸ್‌ಡಿಎಂ ಆಸ್ಪತ್ರೆಯ ಜೊತೆಗೇ ಫಿಸಿಯೋಥೆರಪಿ ಕಾಲೇಜು ಇದೆ, ಜನರ ಬಾಯಲ್ಲಿ ಇಂದಿಗೂ ಕಿಮ್ಸ್ ಎಂದೇ ಉಳಿದಿರುವ, ಹುಬ್ಬಳ್ಳಿ ವಿದ್ಯಾನಗರದ ಸರ್ಕಾರಿ ವೈದ್ಯಕೀಯ ಸಂಸ್ಥೆ ಈ ಇಡೀ ಭಾಗದ ರೋಗಿಗಳಿಗೆ ಆಸರೆಯಾಗಿದೆ. ಗದಗ ಮತ್ತು ಹಾವೇರಿಯಲ್ಲಿಯೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿರುವುದರಿಂದ ಅಲ್ಲಿಯವರು ಹುಬ್ಬಳ್ಳಿಯ ದಾರಿ ಹಿಡಿಯುವ ಮೊದಲು ತಮ್ಮೂರಿನಲ್ಲಿಯೇ ಒಮ್ಮೆ ವಿಚಾರಿಸುವುದು ಒಳ್ಳೆಯದು. ಕಲಿಯುವ ವಿದ್ಯಾರ್ಥಿಗಳು ವ್ಯಾಯಾಮ ಮಾಡಿಸುತ್ತಾರೆಂದು ಹಿಂಜರಿಯಬೇಕಾಗಿಲ್ಲ. ಅವರ ಮೇಲೆ ಅಧ್ಯಾಪಕರ ಕಣ್ಣಿರುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಖಾಸಗಿ ಕೇಂದ್ರದ ಅವಸರದ ಹದಿನೈದು ನಿಮಿಷಕ್ಕಿಂತ ಅವರು ಕೊಡುವ ಹೊತ್ತು ಹೆಚ್ಚು.

ನಾಲ್ಕನೆಯ ಹೆಜ್ಜೆ: ದೂರ, ದಿನ, ದುಡ್ಡು

ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರ್, ಹಾವೇರಿಯಿಂದ 70ಕ್ಕೂ ಹೆಚ್ಚು. ಟೊಂಕದ ರೋಗಿಯೊಬ್ಬರು ವಾರಕ್ಕೆ ಐದು ದಿನ ಬಸ್ಸಿನಲ್ಲಿ ಕುಲುಕಾಡಿಕೊಂಡು ಬಂದು ಹೋದರೆ, ಚಿಕಿತ್ಸೆಯಿಂದ ಬಂದ ಲಾಭ ದಾರಿಯಲ್ಲಿಯೇ ಸೋರಿಹೋಗುತ್ತದೆ. ದೂರದವರು ಮೊದಲ ಭೇಟಿಯಲ್ಲಿಯೇ ‘ನಾನು ವಾರಕ್ಕೆ ಒಂದು ದಿನ ಮಾತ್ರ ಬರಬಲ್ಲೆ, ಉಳಿದ ದಿನ ಮನೆಯಲ್ಲಿ ಮಾಡುವಂತೆ ಕಲಿಸಿಕೊಡಿ’ ಎಂದು ಬಿಚ್ಚಿ ಹೇಳಬೇಕು. ಬಹಳಷ್ಟು ತೊಂದರೆಗಳಿಗೆ ಈ ಏರ್ಪಾಡು ಸಾಕಾಗುತ್ತದೆ. ಹುಬ್ಬಳ್ಳಿ–ಧಾರವಾಡದ ನಡುವೆ ಓಡಾಡುವವರಿಗೆ ಚಿಗರಿ ಬಸ್ಸು ಒಂದು ಅನುಕೂಲ: ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಮೊಣಕಾಲು ಮಡಿಯದವರು, ಊರುಗೋಲು ಹಿಡಿದವರು ಮೆಟ್ಟಿಲು ಹತ್ತಬೇಕಾಗಿಲ್ಲ. ಆದರೆ ನಿಲ್ದಾಣಗಳು ರಸ್ತೆಯ ನಡುವಿನಲ್ಲಿರುವುದರಿಂದ ದಾಟುವಾಗ ಜೊತೆಗೆ ಒಬ್ಬರಿರುವುದು ಕ್ಷೇಮ.

ಹಣದ ಬಗ್ಗೆ ಮೊದಲ ದಿನವೇ ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ಒಂದು ಭೇಟಿಗೆ ಎಷ್ಟು, ಸುಮಾರು ಎಷ್ಟು ಭೇಟಿಗಳು ಬೇಕಾಗಬಹುದು, ಮುಂಗಡವಾಗಿ ಪ್ಯಾಕೇಜ್ ಕಟ್ಟಿದರೆ ನಡುವೆ ಬಿಟ್ಟಾಗ ಉಳಿದ ಹಣ ಮರಳುತ್ತದೆಯೇ, ರಸೀದಿ ಕೊಡುತ್ತಾರೆಯೇ. ನಿಮ್ಮನ್ನು ಪರೀಕ್ಷಿಸುವ ಮೊದಲೇ ದೊಡ್ಡ ಪ್ಯಾಕೇಜಿಗೆ ಹಣ ಕಟ್ಟಿಸಿಕೊಳ್ಳುವ ಜಾಗದಿಂದ ಹೊರನಡೆಯುವುದೇ ಲೇಸು. ಆರೋಗ್ಯ ವಿಮೆಯ ಹಲವು ಪಾಲಿಸಿಗಳು ಒಳರೋಗಿಯಾಗಿ ದಾಖಲಾಗದೆ ಪಡೆದ ಫಿಸಿಯೋಥೆರಪಿಗೆ ಹಣ ಕೊಡುವುದಿಲ್ಲ. ಆಸ್ಪತ್ರೆಯಿಂದ ಬಿಡುಗಡೆಯಾದ ನಂತರದ ನಿಗದಿತ ಅವಧಿಯ ವೆಚ್ಚವನ್ನು ಕೆಲವು ಭರಿಸುತ್ತವೆ, ಆದರೆ ಅದಕ್ಕೆ ವೈದ್ಯರ ಲಿಖಿತ ಸಲಹೆ ಮತ್ತು ಪ್ರತಿ ಭೇಟಿಯ ರಸೀದಿ ಬೇಕಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಇರುವವರು ಶಸ್ತ್ರಚಿಕಿತ್ಸೆಯ ಪ್ಯಾಕೇಜಿನಲ್ಲಿ ನಂತರದ ವ್ಯಾಯಾಮ ಸೇರಿದೆಯೇ ಎಂದು ಆಸ್ಪತ್ರೆಯಲ್ಲಿ ಈ ಯೋಜನೆಯ ರೋಗಿಗಳಿಗೆ ನೆರವಾಗುವ ಆರೋಗ್ಯಮಿತ್ರರನ್ನು ದಾಖಲಾಗುವಾಗಲೇ ಕೇಳಬೇಕು, ಬಿಡುಗಡೆಯ ದಿನವಲ್ಲ.

ಐದನೆಯ ಹೆಜ್ಜೆ: ಚೀಲದಲ್ಲಿ ಏನಿರಲಿ, ಏನನ್ನು ಮುಚ್ಚಿಡಬಾರದು

ಎಕ್ಸ್‌ರೇ, ಎಂಆರ್‌ಐ ವರದಿಗಳು, ಡಿಸ್ಚಾರ್ಜ್ ಸಮ್ಮರಿ, ಈಗ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಪಟ್ಟಿ ಜೊತೆಗಿರಲಿ. ಪಟ್ಟಿ ಬರೆಯಲು ಆಗದಿದ್ದರೆ ಗುಳಿಗೆಯ ಹಾಳೆಗಳನ್ನೇ ಒಯ್ಯಿರಿ. ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ ಉಬ್ಬಿದೆ’ ಎಂದು ಓದಿ ಬೆನ್ನೇ ಮುರಿದಂತೆ ಕುಸಿಯುವವರಿದ್ದಾರೆ. ಏನೂ ನೋವಿಲ್ಲದ ಎಷ್ಟೋ ಜನರ ಎಂಆರ್‌ಐನಲ್ಲಿಯೂ ಇಂಥ ಉಬ್ಬುಗಳು ಕಾಣುತ್ತವೆ, ವಯಸ್ಸಾದಂತೆ ಹೆಚ್ಚುತ್ತವೆ. ವರದಿಯನ್ನು ನಿಮ್ಮ ದೇಹದ ಪರೀಕ್ಷೆಯ ಜೊತೆಗಿಟ್ಟೇ ಅರ್ಥೈಸಬೇಕು.

ಶಸ್ತ್ರಚಿಕಿತ್ಸೆ ಆದವರು ಶಸ್ತ್ರಚಿಕಿತ್ಸಕರಿಂದ ಇನ್ನೊಂದು ಕಾಗದವನ್ನು ಪಡೆದುಕೊಳ್ಳಬೇಕು: ಆ ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು, ಯಾವ ಚಲನೆ ಎಷ್ಟು ವಾರ ನಿಷಿದ್ಧ ಎಂಬುದು ಅದರಲ್ಲಿರಲಿ. ‘ಸ್ವಲ್ಪ ಸ್ವಲ್ಪ ನಡೆಸಿ’ ಎಂಬ ಬಾಯಿಮಾತನ್ನು ಮನೆಯವರು ಒಂದು ಬಗೆಯಲ್ಲಿ, ಚಿಕಿತ್ಸಕರು ಇನ್ನೊಂದು ಬಗೆಯಲ್ಲಿ ತಿಳಿದುಕೊಂಡು, ಕೂಡುತ್ತಿದ್ದ ಎಲುಬಿಗೆ ತೊಂದರೆಯಾಗುವುದುಂಟು.

ಕೇಳದಿದ್ದರೂ ಹೇಳಲೇಬೇಕಾದ ಸಂಗತಿಗಳಿವೆ. ಪೇಸ್‌ಮೇಕರ್ ಇದ್ದರೆ ವಿದ್ಯುತ್ ಬಳಸುವ ಹಲವು ಯಂತ್ರಗಳು ಅಪಾಯಕಾರಿ. ದೇಹದೊಳಗೆ ರಾಡ್, ಪ್ಲೇಟ್, ಕೃತಕ ಕೀಲು ಇದ್ದರೆ ಆ ಜಾಗಕ್ಕೆ ಶಾರ್ಟ್‌ವೇವ್ ಡಯಾಥರ್ಮಿಯ ಶಾಖ ಕೊಡಬಾರದು, ಏಕೆಂದರೆ ಲೋಹ ಕಾಯ್ದು ಒಳಗಿನಿಂದಲೇ ಸುಡಬಹುದು. ಗರ್ಭಿಣಿಯರು, ಗರ್ಭ ನಿಂತಿರಬಹುದೆಂಬ ಅನುಮಾನ ಇರುವವರು ಅದನ್ನು ಮೊದಲ ಮಾತಾಗಿ ಹೇಳಬೇಕು. ರಕ್ತ ತೆಳುವಾಗಿಸುವ ಗುಳಿಗೆ ನುಂಗುವವರು, ಬಹಳ ವರ್ಷ ಸ್ಟೀರಾಯ್ಡ್ ತೆಗೆದುಕೊಂಡವರು, ಎಲುಬು ಟೊಳ್ಳಾಗಿದೆಯೆಂದು ತಿಳಿದವರು ಕತ್ತು, ಬೆನ್ನನ್ನು ‘ಲಟಕ್’ ಎನ್ನಿಸುವಂಥ ಚಿಕಿತ್ಸೆಗೆ ಒಪ್ಪಬಾರದು.

ಸಕ್ಕರೆ ಕಾಯಿಲೆಯವರಿಗೆ ಮೂರು ಎಚ್ಚರಿಕೆಗಳು. ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಂಡು ಉಪವಾಸದಲ್ಲಿ ವ್ಯಾಯಾಮಕ್ಕೆ ಹೋದರೆ ಸಕ್ಕರೆ ಮಟ್ಟ ಕುಸಿಯಬಹುದು, ಆದ್ದರಿಂದ ತಿಂದು ಹೋಗಿ, ಕಿಸೆಯಲ್ಲಿ ಸಕ್ಕರೆಯೋ ಬೆಲ್ಲವೋ ಇರಲಿ. ಪಾದಗಳು ಜೋಮು ಹಿಡಿದಂತಿದ್ದು ಬಿಸಿ ತಿಳಿಯದಿದ್ದರೆ ಶೇಕ ಕೊಡುವ ಮೊದಲು ಹೇಳಿ. ಕೇಂದ್ರದ ಬಿಸಿ ಪ್ಯಾಕ್ ಇರಲಿ, ಮನೆಯಲ್ಲಿ ಅಜ್ಜಿ ಕೊಡುವ ಉಪ್ಪಿನ ಗಂಟಿನ ಶಾಖ ಇರಲಿ, ಚರ್ಮ ಬೆಂದ ಮೇಲೆಯೇ ಗೊತ್ತಾಗುವ ಅಪಾಯವಿದೆ. ಸಕ್ಕರೆ ಕಾಯಿಲೆಯವರಲ್ಲಿ ಹೆಗಲು ಹೆಪ್ಪುಗಟ್ಟಿದಂತೆ ಬಿಗಿಯುವುದು ಉಳಿದವರಿಗಿಂತ ಹೆಚ್ಚು, ಗುಣವಾಗಲು ತಿಂಗಳುಗಳೇ ಬೇಕು. ಅದನ್ನು ತಿಳಿದುಕೊಂಡೇ ಆರಂಭಿಸಿದರೆ ನಡುವೆ ಧೈರ್ಯಗೆಡುವುದಿಲ್ಲ.

ಆರನೆಯ ಹೆಜ್ಜೆ: ಗುರಿಯನ್ನು ನಿಮ್ಮ ಬದುಕಿನ ಮಾತಿನಲ್ಲಿ ಹೇಳಿ

ಈ ಹೆಜ್ಜೆಯನ್ನು ಬಹುತೇಕರು ದಾಟಿಯೇ ಬಿಡುತ್ತಾರೆ. ಚಿಕಿತ್ಸಕರು ‘ಏನ್ ತ್ರಾಸ ಐತ್ರಿ ಅಜ್ಜಾರ?’ ಎಂದು ಕೇಳಿದಾಗ ‘ಮೊಣಕಾಲ ನೋಯ್ತಾವ್ರಿ’ ಎಂಬಲ್ಲಿಗೆ ಉತ್ತರ ಮುಗಿದುಹೋಗುತ್ತದೆ. ಹೇಳಬೇಕಾದದ್ದು ನೋವಿನಿಂದ ನಿಂತುಹೋಗಿರುವ ಕೆಲಸವನ್ನು. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯಲು ಆಗುತ್ತಿಲ್ಲವೇ, ಸಂಡಾಸಿನಲ್ಲಿ ಕುಕ್ಕರುಗಾಲಲ್ಲಿ ಕೂತು ಏಳಲು ಆಗುತ್ತಿಲ್ಲವೇ, ಬೆಟಗೇರಿಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ತುಳಿಯಲು ಆಗುತ್ತಿಲ್ಲವೇ, ಅಮರಗೋಳದ ಮಾರುಕಟ್ಟೆಯಲ್ಲಿ ಚೀಲ ಹೊರಲು ಆಗುತ್ತಿಲ್ಲವೇ, ಬ್ಯಾಡಗಿಯ ಅಂಗಳದಲ್ಲಿ ದಿನವಿಡೀ ಕುಳಿತು ಮೆಣಸಿನಕಾಯಿಯ ತೊಟ್ಟು ಬಿಡಿಸಲು ಆಗುತ್ತಿಲ್ಲವೇ ಎಂಬುದು ಗೊತ್ತಾದರೆ ಮಾತ್ರ ಚಿಕಿತ್ಸಕರು ಆ ಕೆಲಸಕ್ಕೆ ಬೇಕಾದ ಬಲ, ಬಾಗು, ತಾಳಿಕೆಯನ್ನು ಲೆಕ್ಕ ಹಾಕಬಲ್ಲರು.

ಒಂದು ಉದಾಹರಣೆ ನೋಡಿ. ಮೊಣಕಾಲು ಬದಲಿ ಶಸ್ತ್ರಚಿಕಿತ್ಸೆಯಾದವರು ಕುರ್ಚಿಯಿಂದ ಏಳಲು, ಮೆಟ್ಟಿಲು ಏರಿಳಿಯಲು ಕಾಲು ಸುಮಾರು 90ರಿಂದ 110 ಡಿಗ್ರಿ ಮಡಿದರೆ ಸಾಕು. ಕುಕ್ಕರುಗಾಲಲ್ಲಿ ಕೂರಲು 130 ಡಿಗ್ರಿಗಿಂತ ಹೆಚ್ಚು ಬೇಕು, ಮತ್ತು ಕೃತಕ ಕೀಲು ಹಾಕಿದ ಬಳಿಕ ಹಾಗೆ ಕೂರದಂತೆಯೇ ಸಾಮಾನ್ಯವಾಗಿ ಸಲಹೆ ಕೊಡುತ್ತಾರೆ. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮೊದಲೇ ಮನೆಯಲ್ಲಿ ಕಮೋಡ್ ಅಥವಾ ಕಮೋಡ್ ಕುರ್ಚಿ, ಮಂಚ, ಅಡುಗೆಮನೆಯಲ್ಲಿ ನಿಂತು ಕೆಲಸ ಮಾಡುವ ಕಟ್ಟೆ ಇವನ್ನು ಹೊಂದಿಸಿಕೊಳ್ಳಬೇಕು. ಇದೆಲ್ಲ ಆಗದ ಮನೆಯಾದರೆ ಅದನ್ನೂ ಮೊದಲೇ ಹೇಳಬೇಕು, ಏಕೆಂದರೆ ಶಸ್ತ್ರಚಿಕಿತ್ಸೆಯ ನಿರ್ಧಾರವೇ ಅದರಿಂದ ಬದಲಾಗಬಹುದು. ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮುಂಚಿನಿಂದಲೇ ತೊಡೆಯ ಸ್ನಾಯುಗಳ ವ್ಯಾಯಾಮ ಆರಂಭಿಸಿ, ವಾಕರ್ ಹಿಡಿದು ನಡೆಯುವುದನ್ನು ರೂಢಿ ಮಾಡಿಕೊಂಡವರಿಗೆ ನಂತರದ ಮೊದಲ ದಿನಗಳು ಸಲೀಸಾಗುತ್ತವೆ.

ಏಳನೆಯ ಹೆಜ್ಜೆ: ಮೊದಲ ಭೇಟಿಯಲ್ಲಿ ಏನನ್ನು ನಿರೀಕ್ಷಿಸಬೇಕು

ಮೊದಲ ಭೇಟಿಯ ಹೆಚ್ಚಿನ ಹೊತ್ತು ಮಾತು ಮತ್ತು ಅಳತೆಯಲ್ಲಿಯೇ ಹೋಗಬೇಕು. ಕೀಲು ಎಷ್ಟು ಮಡಿಯುತ್ತದೆ ಎಂಬುದನ್ನು ಕೋನಮಾಪಕದಿಂದ ಅಳೆಯುವುದು, ಸ್ನಾಯುವಿನ ಬಲ, ನಡಿಗೆ, ಸಮತೋಲನವನ್ನು ನೋಡುವುದು, ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಂಕದಲ್ಲಿ ಹೇಳಿಸುವುದು ಇವೆಲ್ಲ ನಡೆಯುತ್ತವೆ. ಈ ಅಂಕಿಗಳನ್ನು ಬರೆದಿಟ್ಟುಕೊಳ್ಳದಿದ್ದರೆ ನಾಲ್ಕು ವಾರದ ಬಳಿಕ ಸುಧಾರಿಸಿದ್ದೀರೋ ಇಲ್ಲವೋ ಹೇಳಲು ಆಧಾರವೇ ಇರುವುದಿಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿಯೂ ಅವನ್ನು ಬರೆದುಕೊಡಲು ಕೇಳಿ. ಪರೀಕ್ಷೆಗಾಗಿ ತೊಂದರೆಯಿರುವ ಭಾಗ ಕಾಣಬೇಕಾಗುತ್ತದೆ. ಸೀರೆ ಉಡುವವರು ಒಳಗೆ ಸಡಿಲವಾದ ಪೈಜಾಮ ಧರಿಸಿ ಬಂದರೆ ಮೊಣಕಾಲು, ಟೊಂಕದ ವ್ಯಾಯಾಮಕ್ಕೆ ಮುಜುಗರವಾಗುವುದಿಲ್ಲ. ಪರದೆ ಇಲ್ಲದ ಕೋಣೆಯಲ್ಲಿ ಬಟ್ಟೆ ಸರಿಸಬೇಕೆಂದರೆ ಪರದೆ ಹಾಕುವಂತೆ ಹೇಳುವುದು ನಿಮ್ಮ ಹಕ್ಕು.

ಇಲ್ಲಿ ಯಂತ್ರಗಳ ಬಗ್ಗೆ ಒಂದು ಮಾತು. ಚರ್ಮದ ಮೇಲಿನಿಂದ ಹಗುರವಾದ ಕರೆಂಟ್ ಕೊಡುವ ಟೆನ್ಸ್ ಮತ್ತು ಐಎಫ್‌ಟಿ, ಧ್ವನಿತರಂಗ ಬಳಸುವ ಅಲ್ಟ್ರಾಸೌಂಡ್, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್ ಇವುಗಳಿಂದ ಕೆಲವರಿಗೆ ಸ್ವಲ್ಪ ಹೊತ್ತು ನೋವು ತಗ್ಗಬಹುದು, ಆ ಬಿಡುವಿನಲ್ಲಿ ವ್ಯಾಯಾಮ ಸುಲಭವಾಗಬಹುದು. ಆದರೆ ಟೊಂಕ ನೋವಿಗೆ ಟ್ರ್ಯಾಕ್ಷನ್ ಒಂದರಿಂದಲೇ ಹೇಳಿಕೊಳ್ಳುವಂಥ ಲಾಭ ಇದುವರೆಗಿನ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಹಾಗಿದ್ದರೂ ‘ಕರೆಂಟ್ ಕೊಡಲಿಲ್ಲ, ಬರೀ ಕಾಲು ಎತ್ತಿಸಿ ಕಳಿಸಿದರು’ ಎಂದು ಒಳ್ಳೆಯ ಚಿಕಿತ್ಸಕರನ್ನೇ ಬಿಟ್ಟು ಬರುವ ರೋಗಿಗಳಿದ್ದಾರೆ, ಅವರ ಮನಸ್ಸು ಹಿಡಿಯಲೆಂದೇ ಯಂತ್ರಗಳನ್ನು ಸಾಲಾಗಿ ಜೋಡಿಸಿಟ್ಟ ಕೇಂದ್ರಗಳೂ ಇವೆ. ವಾರಗಟ್ಟಲೆ ಯಂತ್ರವಲ್ಲದೆ ಬೇರೇನನ್ನೂ ಕೊಡದ, ಒಂದು ವ್ಯಾಯಾಮವನ್ನೂ ಕಲಿಸದ ಕೇಂದ್ರದಲ್ಲಿ ಮುಂದುವರಿಯಬೇಕಾದ ಕಾರಣ ನನಗೆ ಕಾಣುವುದಿಲ್ಲ.

ಎಂಟನೆಯ ಹೆಜ್ಜೆ: ನೋವಿನ ಲೆಕ್ಕ ತಿಳಿದಿರಲಿ

ಬಹಳ ದಿನ ಅಲುಗಾಡದ ಕೀಲು ಅಲುಗಿದಾಗ ನೋಯುತ್ತದೆ, ಬಳಸದ ಸ್ನಾಯು ಬಳಸಿದ ಮರುದಿನ ಹಿಡಿದುಕೊಳ್ಳುತ್ತದೆ. ವ್ಯಾಯಾಮದ ವೇಳೆ ಹತ್ತರಲ್ಲಿ ನಾಲ್ಕೈದರವರೆಗಿನ ನೋವು ಬಂದು, ಮರುದಿನದ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದರೆ ಸಾಮಾನ್ಯವಾಗಿ ಮುಂದುವರಿಸಬಹುದು. ಇಪ್ಪತ್ನಾಲ್ಕು ಗಂಟೆ ಕಳೆದರೂ ಇಳಿಯದಿದ್ದರೆ, ಬಾವು ಹೆಚ್ಚಿದರೆ, ರಾತ್ರಿಯ ನಿದ್ದೆ ಕೆಟ್ಟರೆ ಪ್ರಮಾಣ ಹೆಚ್ಚಾಗಿದೆ ಎಂದರ್ಥ. ಮುಂದಿನ ಭೇಟಿಯಲ್ಲಿ ಹೇಳಿ ಕಡಿಮೆ ಮಾಡಿಸಿಕೊಳ್ಳಬೇಕು, ವ್ಯಾಯಾಮವನ್ನೇ ಬಿಡಬಾರದು. ನೋವನ್ನು ಹಲ್ಲು ಕಚ್ಚಿ ಸಹಿಸಿದಷ್ಟೂ ಬೇಗ ಗುಣವಾಗುತ್ತದೆ ಎಂಬ ನಂಬಿಕೆ, ವಿಶೇಷವಾಗಿ ಬಿಗಿದ ಹೆಗಲಿನ ವಿಷಯದಲ್ಲಿ, ತಪ್ಪು. ಎದೆ ನೋವು, ತಡೆಯಲಾರದ ಉಬ್ಬಸ, ಕಣ್ಣು ಕತ್ತಲಿಡುವುದು, ಕಾಲಿಗೆ ಹೊಸದಾಗಿ ಜೋಮು ಇಳಿಯುವುದು ಕಂಡರೆ ಮಾತ್ರ ತಕ್ಷಣ ನಿಲ್ಲಿಸಿ ಹೇಳಬೇಕು.

ಸ್ನಾಯುವಿನ ಬಲ ನಿಜವಾಗಿ ಹೆಚ್ಚಲು ಆರರಿಂದ ಹನ್ನೆರಡು ವಾರ ಬೇಕು. ಮೊದಲ ವಾರ ನೋವು ತಗ್ಗಿತೆಂದು ನಿಲ್ಲಿಸಿ, ಸುಗ್ಗಿಯ ಕೆಲಸಕ್ಕೆ ಇಳಿದು, ಮರಳಿ ನೋವು ಬಂತೆಂದು ಬರುವವರಿಗೆ ಕೊರತೆಯಿಲ್ಲ. ಹೊಲದವರು ಬಿತ್ತನೆ, ರಾಶಿಯ ದಿನಗಳನ್ನು ಮೊದಲೇ ಚಿಕಿತ್ಸಕರಿಗೆ ತಿಳಿಸಿದರೆ ಆ ಅವಧಿಗೆ ಹಗುರವಾದ ಕ್ರಮವನ್ನು ಹೊಂದಿಸಿಕೊಡುವುದು ಸಾಧ್ಯ.

ಒಂಬತ್ತನೆಯ ಹೆಜ್ಜೆ: ಮನೆಯವರಿಗೂ ಪಾಠ ಬೇಕು

ಕೇಂದ್ರದಲ್ಲಿ ಕಳೆಯುವುದು ದಿನದ ಒಂದು ತಾಸು. ಉಳಿದ ಹೊತ್ತೆಲ್ಲ ಮನೆಯಲ್ಲಿಯೇ. ಲಕ್ವಾ ಆದವರನ್ನು ಎಬ್ಬಿಸುವಾಗ ಸೋತ ಕೈಯನ್ನು ಹಿಡಿದು ಎಳೆಯುವುದು ನಮ್ಮ ಮನೆಗಳಲ್ಲಿ ದಿನನಿತ್ಯ ಕಾಣುವ ದೃಶ್ಯ. ಆ ಹೆಗಲಿನ ಸ್ನಾಯುಗಳಲ್ಲಿ ಹಿಡಿತವಿಲ್ಲದಿರುವುದರಿಂದ ಕೀಲು ಜಾರಿ, ವರ್ಷಗಟ್ಟಲೆ ಉಳಿಯುವ ನೋವು ಅಂಟಿಕೊಳ್ಳಬಹುದು. ಎತ್ತುವುದು, ಮಗ್ಗುಲು ಬದಲಿಸುವುದು, ಗಾಲಿಕುರ್ಚಿಗೆ ಕೂಡಿಸುವುದು ಹೇಗೆಂದು ಸೇವೆ ಮಾಡುವ ಮಗ, ಸೊಸೆ ಅಥವಾ ಆಳು ಯಾರೇ ಇರಲಿ, ಅವರು ಒಂದು ದಿನವಾದರೂ ಜೊತೆಗೆ ಬಂದು ಚಿಕಿತ್ಸಕರ ಎದುರಿನಲ್ಲಿಯೇ ಮಾಡಿ ತೋರಿಸಿ ತಿದ್ದಿಸಿಕೊಳ್ಳಬೇಕು. ಒಪ್ಪಿಗೆ ಪಡೆದು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಮಾಡಲು ಹತ್ತು ವ್ಯಾಯಾಮಗಳ ಮುದ್ರಿತ ಹಾಳೆ ಕೊಟ್ಟರೆ, ‘ಇವುಗಳಲ್ಲಿ ಬಿಡಲೇಬಾರದ ಮೂರು ಯಾವುವು’ ಎಂದು ಕೇಳಿ ಅವಕ್ಕೆ ಗುರುತು ಹಾಕಿಸಿಕೊಳ್ಳಿ. ಹತ್ತನ್ನೂ ಮಾಡುವವರು ವಿರಳ. ಮೂರನ್ನು ದಿನಾ ಮಾಡುವವರು ಸಿಗುತ್ತಾರೆ. ಬೆಳಗಿನ ಚಹಾಕ್ಕೆ ಮೊದಲು, ಸಂಜೆ ದೀಪ ಹಚ್ಚಿದ ಮೇಲೆ ಎಂದು ಆಗಲೇ ಇರುವ ರೂಢಿಗೆ ಅವನ್ನು ಕಟ್ಟಿಹಾಕಿದರೆ ಮರೆಯುವುದಿಲ್ಲ.

ಹತ್ತನೆಯ ಹೆಜ್ಜೆ: ಮರುಪರಿಶೀಲನೆ ಮತ್ತು ಮುಕ್ತಾಯವನ್ನು ಮೊದಲೇ ಕೇಳಿ

‘ಎಷ್ಟು ದಿನ ಬರಬೇಕು’ ಎಂಬ ಪ್ರಶ್ನೆಗಿಂತ ‘ಎಷ್ಟು ದಿನದ ಬಳಿಕ ಮರಳಿ ಅಳತೆ ಮಾಡುತ್ತೀರಿ, ಅಷ್ಟರಲ್ಲಿ ಏನು ಬದಲಾಗಿರಬೇಕು, ಬದಲಾಗದಿದ್ದರೆ ಏನು ಮಾಡುತ್ತೀರಿ’ ಎಂಬ ಪ್ರಶ್ನೆ ಹೆಚ್ಚು ಉಪಯುಕ್ತ. ಸಾಮಾನ್ಯ ಎಲುಬು–ಕೀಲಿನ ತೊಂದರೆಯಲ್ಲಿ ನಾಲ್ಕರಿಂದ ಆರು ವಾರ ಕ್ರಮವಾಗಿ ಮಾಡಿದರೂ ಅಂಕಿಗಳು ಅಲ್ಲಿಯೇ ಇದ್ದರೆ ಚಿಕಿತ್ಸೆಯ ಕ್ರಮವನ್ನೋ ರೋಗನಿರ್ಣಯವನ್ನೋ ಮತ್ತೊಮ್ಮೆ ನೋಡಬೇಕಾಗುತ್ತದೆ, ಕಳಿಸಿದ ವೈದ್ಯರಿಗೂ ತಿಳಿಸಬೇಕಾಗುತ್ತದೆ. ಲಕ್ವಾ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್‌ನಂಥ ಸ್ಥಿತಿಗಳಿಗೆ ಈ ಗಡುವು ಅನ್ವಯಿಸುವುದಿಲ್ಲ. ಅಲ್ಲಿ ಇದ್ದ ಸಾಮರ್ಥ್ಯವನ್ನು ಉಳಿಸಿಕೊಳ್ಳುವುದೂ ಒಂದು ಫಲವೇ ಆಗಿರುತ್ತದೆ. ಶಾಶ್ವತ ಅಂಗವೈಕಲ್ಯ ಉಳಿಯುವ ಸಾಧ್ಯತೆಯಿದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ದೊರೆಯುವ ಸೌಲಭ್ಯಗಳಿಗಾಗಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕುವ ವಿಷಯವನ್ನು ವೈದ್ಯರೊಂದಿಗೆ ಮಾತನಾಡಿಕೊಳ್ಳಿ.

ಕೊನೆಯ ಭೇಟಿಯ ದಿನ ಮೊದಲ ದಿನದ ಮತ್ತು ಈಗಿನ ಅಳತೆಗಳನ್ನು ಒಂದೇ ಹಾಳೆಯಲ್ಲಿ ಬರೆಸಿಕೊಳ್ಳಿ. ಯಾವ ವ್ಯಾಯಾಮವನ್ನು ಎಷ್ಟು ತಿಂಗಳು ಮುಂದುವರಿಸಬೇಕು, ಯಾವ ಭಾರವನ್ನು ಎಂದಿನಿಂದ ಎತ್ತಬಹುದು, ಯಾವ ಲಕ್ಷಣ ಮರುಕಳಿಸಿದರೆ ಕಾಯದೆ ಬರಬೇಕು ಎಂಬುದೂ ಅದೇ ಹಾಳೆಯಲ್ಲಿರಲಿ. ಮುಂದೆ ಬೇರೆ ಊರಿನಲ್ಲಿ ಬೇರೆ ಚಿಕಿತ್ಸಕರ ಬಳಿಗೆ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ಹಾಳೆಯನ್ನೇ.